ಸದ್ದಿಗೆ ಮೈ ಕೊಟ್ಟ ಉತ್ತರ

ಆಟಿಸಂ ಇರುವ ಮಕ್ಕಳಿಗೂ ಸದ್ದಿಗೂ ಇರುವ ವಿಚಿತ್ರ ನಂಟು ಆಟಿಸಂ ಕುರಿತ ಮೊದಲ ಪ್ರಸಿದ್ಧ ವೈದ್ಯಕೀಯ ಬರಹದಲ್ಲೇ ಕಾಣುತ್ತದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಕಥನ ಪ್ರಕಟಿಸಿದರು. ಕರೆದರೂ ತಿರುಗದಿದ್ದುದರಿಂದ ಅವರಲ್ಲಿ ಕೆಲವರು ಕಿವುಡರಿರಬಹುದೆಂಬ ಶಂಕೆ ಇತ್ತು. ಅದೇ ಗುಂಪಿನ ಒಂದು ಮಗು ವ್ಯಾಕ್ಯೂಮ್ ಕ್ಲೀನರ್ ಶುರುವಾದೊಡನೆ ಕಿವಿ ಮುಚ್ಚಿಕೊಂಡು ಗ್ಯಾರೇಜಿಗೆ ಓಡುತ್ತಿತ್ತು. ಅದನ್ನಿಟ್ಟ ಕಪಾಟಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಅಷ್ಟೇ ಗದ್ದಲವನ್ನು ತಾನೇ ಎಬ್ಬಿಸುವಾಗ ಮಗು ಹೆದರುವುದಿಲ್ಲ, ಹೊರಗಿನಿಂದ ನುಗ್ಗುವ ಸದ್ದೇ ಅದಕ್ಕೆ ಸಂಕಟ ಎಂಬುದನ್ನೂ ಕ್ಯಾನರ್ ಗುರುತಿಸಿದ್ದರು. ಆಮೇಲೆ ಬಂದ ಎಷ್ಟೋ ಯಂತ್ರಗಳಿಗೆ ದಕ್ಕದ ಸೂಕ್ಷ್ಮ ಈ ಬರಿಗಣ್ಣಿಗೆ ದಕ್ಕಿತ್ತು.

ಬಳಿಕ ತಾಯ್ತಂದೆಯರ ನಿರ್ಲಿಪ್ತತೆಯೇ ಆಟಿಸಂಗೆ ಕಾರಣವೆಂಬ ವಾದ ಮೆರೆದು, ಮೈಯ ವಿಚಾರ ಮೂಲೆ ಸೇರಿತು. ಅದು ಮರಳಿ ಚರ್ಚೆಗೆ ಬಂದದ್ದು 1964ರಲ್ಲಿ. ಇಂಗ್ಲೆಂಡಿನ ಸಂಶೋಧಕರಾದ ಹಟ್ ದಂಪತಿ ಮತ್ತು ಸಂಗಡಿಗರು ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, ಈ ಮಕ್ಕಳ ಮೆದುಳು ಸದಾ ಅತಿ ಎಚ್ಚರದಲ್ಲಿರುತ್ತದೆ ಎಂದು ಊಹಿಸಿದರು. ಲಾಸ್ ಏಂಜಲೀಸ್‌ನ ಸಂಶೋಧಕರಾದ ಆರ್ನಿಟ್ಜ್ ಮತ್ತು ರಿಟ್ವೊ 1968ರಲ್ಲಿ ಬೇರೆಯದೇ ಹೇಳಿದರು: ಒಂದೇ ಮಗುವಿನ ಸಂವೇದನೆ ಒಮ್ಮೆ ವಿಪರೀತ, ಇನ್ನೊಮ್ಮೆ ಮಂದ.

ಮಾತಾಡದ ಮಗುವಿಗೆ ಸದ್ದು ಹೇಗೆ ತಟ್ಟಿತೆಂದು ತಿಳಿಯಲು ಬೆವರೊಂದು ದಾರಿ. ಮನಸ್ಸು ಬೆಚ್ಚಿದಾಗ ಅಂಗೈ ಸ್ವಲ್ಪವೇ ಬೆವತು, ಚರ್ಮದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಸದ್ದು ಮರುಕಳಿಸಿದರೆ ಸಾಮಾನ್ಯವಾಗಿ ಮೈ ಅದಕ್ಕೆ ಒಗ್ಗಿ ಈ ಏರಿಕೆ ಇಳಿಯುತ್ತದೆ. 1980ರ ದಶಕದಲ್ಲಿ ಕೆಲವು ಸಂಶೋಧಕರು ಈ ಮಕ್ಕಳಲ್ಲಿ ಮೈ ಬೇಗ ಒಗ್ಗದ್ದನ್ನು ಕಂಡರೆ, ಇನ್ನು ಕೆಲವರು ಹಲವರ ಚರ್ಮ ಸದ್ದಿಗೆ ಮಿಸುಕದ್ದನ್ನೇ ಕಂಡರು. ಬೆರಳಿಗೆ ಪಟ್ಟಿ ಅಂಟಿಸಿಕೊಂಡು ಕೂರಲು ಒಪ್ಪಿದ ಮಕ್ಕಳಷ್ಟೇ ಲೆಕ್ಕಕ್ಕೆ ಸಿಕ್ಕುತ್ತಿದ್ದರೆಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ಇದಕ್ಕೂ ತುಸು ಮೊದಲು, 1970ರ ದಶಕದ ಕೊನೆಗೆ, ಆಟಿಸಂನ ಅಧ್ಯಯನಕ್ಕೆ ಮೆದುಳುಕಾಂಡದ ಪರೀಕ್ಷೆಯೂ ಬಂದಿತ್ತು. ಕಿವಿಗೆ ಚಿಟಿಕೆಯಂಥ ಸದ್ದು ಬಿದ್ದು ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಏಳುವ ಅಲೆಗಳನ್ನು ಅದು ಅಳೆಯುತ್ತದೆ. ಅಲೆಗಳು ತಡವಾಗುತ್ತವೆ ಎಂದು ಕೆಲವು ಪ್ರಯೋಗಾಲಯಗಳು ಹೇಳಿದರೆ, ಇಲ್ಲವೆಂದು ಇನ್ನು ಕೆಲವು. ಶ್ರವಣದೋಷವಿದ್ದ ಮಕ್ಕಳೂ ಕೆಲವು ಗುಂಪುಗಳಲ್ಲಿ ಸೇರಿಹೋಗಿದ್ದುದು ಈ ಗೊಂದಲಕ್ಕೆ ಒಂದು ಕಾರಣ.

ಅಳತೆಗಳು ಒಮ್ಮತಕ್ಕೆ ಬರುವ ಮೊದಲೇ ಲಕ್ಷಣಕ್ಕೆ ಮಾನ್ಯತೆ ಸಿಕ್ಕಿತು. ಅಮೆರಿಕನ್ ಮನೋವೈದ್ಯಕೀಯ ಸಂಘದ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿ 2013ರಲ್ಲಿ ಸಂವೇದನೆಗಳಿಗೆ ತೋರುವ ಅತಿ ಇಲ್ಲವೇ ಅಲ್ಪ ಪ್ರತಿಕ್ರಿಯೆಯನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಕೆಲವು ಸದ್ದುಗಳನ್ನು ಸಹಿಸದಿರುವುದು ಅಲ್ಲಿ ಕೊಟ್ಟ ಉದಾಹರಣೆಗಳಲ್ಲೊಂದು. ಕ್ಯಾನರ್ ಬರೆದು ಆಗ 70 ವರ್ಷವಾಗಿತ್ತು.