ಗೂಡಿನ ಮುಂದೆ ಕಾದು ನಿಂತ ಕ್ಯಾಮರಾ

ಬಂದೂಕವನ್ನು ಕೆಳಗಿಟ್ಟು ಕ್ಯಾಮರಾವನ್ನು ಕೈಗೆತ್ತಿಕೊಂಡವನು ಹಿಂಸೆಯ ದಾರಿಯನ್ನು ಬಿಟ್ಟನೆಂದು ಲೋಕ ತಿಳಿಯುತ್ತದೆ. ಈ ತಿಳಿವಳಿಕೆಯಲ್ಲಿ ಸತ್ಯಾಂಶ ದೊಡ್ಡದು. ಆದರೆ ಅದು ಪೂರ್ಣಸತ್ಯವಲ್ಲ. ಪಕ್ಷಿಗಳ ಛಾಯಾಗ್ರಹಣದ ಒಂದೂಕಾಲು ಶತಮಾನಕ್ಕೂ ಮಿಕ್ಕಿದ ಚರಿತ್ರೆಯನ್ನು ಶ್ರಾವಕರ ಅಣುವ್ರತದ ದೃಷ್ಟಿಯಿಂದ ನೋಡಿದರೆ, ಗುಂಡು ಹಾರದೆಯೂ ಜೀವಕ್ಕೆ ಬಾಧೆಯಾಗುವ ಬಗೆ ಹೇಗೆಂಬುದು ತಿಳಿದುಬರುತ್ತದೆ.

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಪಕ್ಷಿಶಾಸ್ತ್ರವೆಂದರೆ ಬಹುಮಟ್ಟಿಗೆ ಹಕ್ಕಿಯನ್ನು ಹೊಡೆದು ಚರ್ಮ ಸುಲಿದು ಹುಲ್ಲು ಹತ್ತಿ ತುಂಬಿಡುವುದು, ಮೊಟ್ಟೆಗಳನ್ನು ಕದ್ದು ಪೆಟ್ಟಿಗೆಗಳಲ್ಲಿ ಜೋಡಿಸುವುದು ಎಂದೇ ಅರ್ಥವಾಗಿತ್ತು. ಅಂಥ ಕಾಲದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಕಿಯರ್ಟನ್ ಸಹೋದರರು ಬೇರೊಂದು ಮಾರ್ಗ ಹಿಡಿದರು. ಅಣ್ಣ ರಿಚರ್ಡ್ (1862-1928) ಬಾಲ್ಯದಲ್ಲಿಯೇ ಕಾಲಿಗೆ ಪೆಟ್ಟಾಗಿ ಕುಂಟನಾಗಿದ್ದವನು. ತಮ್ಮ ಚೆರಿ (1871-1940) ಕ್ಯಾಮರಾ ಹಿಡಿದವನು. 1892ರ ಏಪ್ರಿಲ್ 10ರಂದು ಚೆರಿಯು ಥ್ರಷ್ ಎಂಬ ಹಾಡುಹಕ್ಕಿಯ ಗೂಡನ್ನೂ ಅದರೊಳಗಿನ ಮೊಟ್ಟೆಗಳನ್ನೂ, ಇದ್ದಲ್ಲಿಯೇ ಇದ್ದಂತೆಯೇ ಚಿತ್ರಿಸಿದನು. 1895ರಲ್ಲಿ ಹೊರಬಂದ ಅವರ ಬ್ರಿಟಿಷ್ ಪಕ್ಷಿಗೂಡುಗಳ ಗ್ರಂಥವು ಕೈಬರಹದ ಚಿತ್ರಗಳಿಲ್ಲದೆ ಛಾಯಾಚಿತ್ರಗಳಿಂದಲೇ ಕೂಡಿತ್ತು. ಮೊಟ್ಟೆಯನ್ನು ಮನೆಗೆ ತರದೆ ಅದರ ರೂಪವನ್ನು ಮಾತ್ರ ತಂದದ್ದು ಆ ದೇಶಕಾಲಗಳಲ್ಲಿ ಸಣ್ಣ ಸಾಧನೆಯಲ್ಲ. ಮರುವರ್ಷವೇ ಅವರು ಅಟ್ಲಾಂಟಿಕ್ ಸಾಗರದ ನಡುವಣ ಸೇಂಟ್ ಕಿಲ್ಡಾ ದ್ವೀಪಕ್ಕೆ ಹೋದರು. ಗಾಳಿ, ಮಳೆ, ಮಂಜು ಬಿಡದ ಆ ಸ್ಥಳದ ಕಡಿದಾದ ಬಂಡೆಗಳ ಮೇಲೆ ಭಾರವಾದ ಗಾಜಿನ ಫಲಕಗಳನ್ನೂ ಮರದ ಕ್ಯಾಮರಾವನ್ನೂ ಹೊತ್ತು ಕೆಲಸ ಮಾಡಿದರು.

ಆದರೆ ಅವರು ಗೂಡನ್ನೇ ಆರಿಸಿಕೊಂಡದ್ದೇಕೆ? ಕಾರಣ ಬೆಳಕು. ಅಂದಿನ ಫಲಕಗಳು ಬೆಳಕನ್ನು ಬಹಳ ನಿಧಾನವಾಗಿ ಹೀರುತ್ತಿದ್ದವು. ನಿರಭ್ರವಾದ ಬಿಸಿಲಿಗೆ ಹೋಲಿಸಿದರೆ ದಟ್ಟವಾಗಿ ಮೋಡ ಕವಿದ ದಿನದ ಬೆಳಕು ಸುಮಾರು ಎಂಟನೆಯ ಒಂದು ಪಾಲು. ಮರದ ನೆರಳಿನಲ್ಲಿ ಅದಕ್ಕೂ ಕಡಿಮೆ. ಬಿಸಿಲಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗ ಸಾಕಾಗುವ ಕಡೆ, ಮೋಡದಲ್ಲಿ ಹನ್ನೆರಡನೆಯ ಒಂದು ಭಾಗ ಬೇಕು. ಅಷ್ಟು ಹೊತ್ತು ಹಕ್ಕಿ ಅಲುಗಾಡಬಾರದು. ಕೊಂಬೆಯ ಮೇಲಿನ ಹಕ್ಕಿ ಅಲುಗದೆ ಇರುವುದುಂಟೆ? ಕಾವು ಕೊಡುವ ತಾಯಿಯೊಂದೇ ಹಾಗೆ ಕುಳಿತಿರುತ್ತದೆ, ಹಾರಿಹೋದರೂ ಮತ್ತೆ ಅಲ್ಲಿಗೇ ಬರುತ್ತದೆ. ಅದರ ವಾತ್ಸಲ್ಯವೇ ಛಾಯಾಗ್ರಾಹಕನ ಅನುಕೂಲವಾಯಿತು. ಈ ಒಂದು ಸಂಗತಿಯನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲ ಅರ್ಥವಾಗುತ್ತದೆ.

ಹಕ್ಕಿಗೆ ತಿಳಿಯದಂತೆ ಹತ್ತಿರ ಸೇರಲು ಆ ಸಹೋದರರು ಹೂಡಿದ ಉಪಾಯಗಳು ವಿನೋದಕರ. ಕೃತಕ ಮರದ ಬೊಡ್ಡೆ, ಕೃತಕ ಬಂಡೆ, ಕೊನೆಗೆ 1900ರಲ್ಲಿ ಒಳಗೆ ಟೊಳ್ಳಾದ ಒಂದು ಎತ್ತು! ಆ ಎತ್ತಿನ ಹೊಟ್ಟೆಯೊಳಗೆ ಬಗ್ಗಿ ನಿಂತು ಗಂಟೆಗಟ್ಟಲೆ ಕಾಯಬೇಕಿತ್ತು. ಒಮ್ಮೆ ಅದು ರಿಚರ್ಡನ ಸಮೇತ ಮಗುಚಿಬಿದ್ದು ಕಾಲುಗಳು ಆಕಾಶಕ್ಕಾದವೆಂದೂ, ತಮ್ಮನು ಅಣ್ಣನನ್ನು ಎತ್ತುವ ಮೊದಲು ಆ ದೃಶ್ಯದ ಚಿತ್ರ ತೆಗೆದನೆಂದೂ ಹೇಳುತ್ತಾರೆ. ನಗು ಬರುವ ಮಾತೇ ಸರಿ. ಆದರೆ ಆ ಎತ್ತು ನಿಜವಾದ ಚರ್ಮದ್ದು. ಹಕ್ಕಿಗೆ ಅಂಜಿಕೆಯಾಗದಿರಲೆಂದು ಎತ್ತಿನ ತೊಗಲನ್ನು ಹೊದ್ದದ್ದನ್ನು ಜೈನ ಓದುಗರು ಬರಿಯ ನಗುವಿನಿಂದ ದಾಟಿಹೋಗಲಾರರು.

ಆ ಕಾಲದ ಛಾಯಾಚಿತ್ರದ ದ್ರವ್ಯಗಳೂ ಹಾಗೆಯೇ ಇದ್ದವು. 1850ರಲ್ಲಿ ಬಂದ ಆಲ್ಬುಮೆನ್ ಕಾಗದವು ಮೊಟ್ಟೆಯ ಬಿಳಿಯ ಲೇಪದಿಂದಾದದ್ದು. ಯುರೋಪಿನ ಕಾರ್ಖಾನೆಗಳು ಅದಕ್ಕಾಗಿ ರಾಶಿರಾಶಿ ಕೋಳಿಮೊಟ್ಟೆಗಳನ್ನು ಒಡೆಯುತ್ತಿದ್ದವು. 1871ರಲ್ಲಿ ಮ್ಯಾಡಕ್ಸ್ ಎಂಬ ವೈದ್ಯನು ಸೂಚಿಸಿದ ಒಣ ಫಲಕಕ್ಕೂ, ಅನಂತರದ ಫಿಲ್ಮಿಗೂ ಆಧಾರವಾದ ಜೆಲಟಿನ್ ದನದ ಮೂಳೆ ತೊಗಲುಗಳಿಂದ ಬರುವಂಥದು. ಬಸದಿಯ ಪಂಚಕಲ್ಯಾಣದ ಚಿತ್ರಗಳನ್ನೂ ಇದೇ ಫಿಲ್ಮಿನಲ್ಲಿ ತೆಗೆಸಿದ ಸಮಾಜವು ಈ ವಿಷಯದಲ್ಲಿ ಹಕ್ಕಿಯ ಚಿತ್ರಕಾರರನ್ನು ದೂರುವಂತಿಲ್ಲ. ವಿದ್ಯುನ್ಮಾನ ಕ್ಯಾಮರಾ ಬಂದ ಮೇಲೆ ಫಿಲ್ಮಿನ ಅವಶ್ಯಕತೆಯೇ ಬಹುಪಾಲು ತಪ್ಪಿತು.

ಉಳಿದದ್ದು ಗೂಡಿನ ಪ್ರಶ್ನೆ. ಹಕ್ಕಿ ಗೂಡು ಕಟ್ಟುವುದು ಎಲೆಯ ಮರೆಯಲ್ಲಿ. ಬಿಸಿಲು, ಮಳೆ, ಕಾಗೆ, ಹಾವುಗಳಿಂದ ಮರಿಯನ್ನು ಕಾಪಾಡುವುದಕ್ಕಾಗಿ. ಚಿತ್ರಕ್ಕೆ ಬೇಕಾದ ಬೆಳಕನ್ನು ತಡೆಯುವುದೂ ಅದೇ ಎಲೆ. ಆದ್ದರಿಂದ ಅಡ್ಡ ಬಂದ ಕೊಂಬೆಯನ್ನು ಕಟ್ಟುವ, ಕೆಲವರಾದರೆ ಕತ್ತರಿಸಿಯೇಬಿಡುವ ಪದ್ಧತಿ ಬೆಳೆಯಿತು. ಚಿತ್ರ ಸೊಗಸಾಗಿ ಬಂದಿತು. ಆಮೇಲೆ ಪುಕ್ಕ ಮೂಡದ ಮರಿಗಳ ಮೇಲೆ ನೇರವಾದ ಬಿಸಿಲು ಬಿದ್ದಿತು, ಕಾಗೆಗೆ ಗೂಡು ಕಂಡಿತು. ಮಳೆಯ ದಿನವಾದರೆ, ಹತ್ತಿರ ಮನುಷ್ಯ ನಿಂತಿರುವಷ್ಟು ಹೊತ್ತು ತಾಯಿ ಗೂಡಿಗೆ ಬಾರದೆ ಮೊಟ್ಟೆ ತಣ್ಣಗಾಯಿತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಡೆಯದನ್ನು ಸಾಮಾನ್ಯವಾಗಿ ಮನೆಯ ದನಕರುಗಳಿಗೂ ಆಳುಕಾಳುಗಳಿಗೂ ಅನ್ವಯಿಸಿ ವಿವರಿಸುವುದು ರೂಢಿ. ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು ದೋಷ. ಸಣ್ಣ ಹಕ್ಕಿಗಳು ತಮ್ಮ ಮರಿಗಳಿಗೆ ಗಂಟೆಗೆ ಹಲವು ಬಾರಿ ಹುಳುಹುಪ್ಪಟೆ ತಂದುಣಿಸುತ್ತವೆ. ಉತ್ತಮ ಬೆಳಕು ಬರಲೆಂದು ಗೂಡಿನ ಮುಂದೆ ಎರಡು ತಾಸು ನಿಂತವನು ಆ ಮರಿಗಳ ಎರಡು ತಾಸಿನ ಆಹಾರವನ್ನು ತಡೆದಂತಾಯಿತು. ಅವನು ಕೊಲ್ಲಲಿಲ್ಲ, ಮುಟ್ಟಲೂ ಇಲ್ಲ. ಕೊಲ್ಲುವ ಭಾವವಂತೂ ಅವನಲ್ಲಿ ಇಲ್ಲವೇ ಇಲ್ಲ. ಹಕ್ಕಿಯ ಮೇಲಿನ ಪ್ರೀತಿಯಿಂದಲೇ ಅಲ್ಲಿಗೆ ಬಂದವನು. ಆದರೂ ಪ್ರಮಾದವೆಂಬುದು ಹಿಂಸೆಯ ಮೂಲವೆಂದು ಆಚಾರ್ಯ ಉಮಾಸ್ವಾಮಿಗಳು ಹೇಳಿರುವುದನ್ನು ಇಂಥ ಕಡೆಯೇ ನೆನೆಯಬೇಕು.

ಪ್ರತಿಭಟಿಸಿದ ಹಕ್ಕಿಗಳೂ ಉಂಟು. 1937ರಲ್ಲಿ ಎರಿಕ್ ಹಾಸ್ಕಿಂಗ್ ಎಂಬ ಪ್ರಸಿದ್ಧ ಛಾಯಾಗ್ರಾಹಕನು ರಾತ್ರಿಯಲ್ಲಿ ತನ್ನ ಮರೆಯ ಬಳಿಗೆ ಹೋಗುತ್ತಿದ್ದಾಗ, ಗೂಡನ್ನು ಕಾಯುತ್ತಿದ್ದ ಗೂಬೆಯೊಂದು ಎರಗಿ ಅವನ ಎಡಗಣ್ಣಿಗೆ ಉಗುರು ನೆಟ್ಟಿತು. ಆ ಕಣ್ಣನ್ನು ತೆಗೆಸಬೇಕಾಯಿತು. ಅವನು ವೃತ್ತಿಯನ್ನು ಬಿಡಲಿಲ್ಲ. ಒಂದೇ ಕಣ್ಣಿನಿಂದ ಅರ್ಧಶತಮಾನಕ್ಕೂ ಹೆಚ್ಚು ಕಾಲ ದುಡಿದು 1991ರಲ್ಲಿ ತೀರಿಕೊಂಡನು.

ಭಾರತದ ಪಕ್ಷಿ ಛಾಯಾಗ್ರಹಣದಲ್ಲಿ ಒಬ್ಬ ವರ್ತಕನ ಹೆಸರು ಸ್ಮರಣೀಯ. ಸಿಂಗಪುರದ ಸಿನಿಮಾ ಉದ್ಯಮಿ ಲೋಕ್ ವಾನ್ ಥೋ 1942ರಲ್ಲಿ ಜಪಾನೀಯರ ದಾಳಿಯಿಂದ ಪಲಾಯನ ಮಾಡುವಾಗ ಹಡಗಿನ ಮೇಲೆ ಬಾಂಬು ಬಿದ್ದು, ಮೈ ಸುಟ್ಟು, ಕೆಲಕಾಲ ದೃಷ್ಟಿಯನ್ನೇ ಕಳೆದುಕೊಂಡನು. ಭಾರತದಲ್ಲಿ ಆಶ್ರಯ ಪಡೆದು ಡಾ. ಸಲೀಂ ಅಲಿಯವರ ಸಂಗಡಿಗನಾಗಿ ಕಚ್ಛ್ ಮೊದಲಾದೆಡೆ ಹಕ್ಕಿಗಳನ್ನು ಚಿತ್ರಿಸಿದನು. ಗಳಿಸಿದ ಸಂಪತ್ತಿನಲ್ಲಿ ಒಂದು ಪಾಲನ್ನು ಪಕ್ಷಿಶಾಸ್ತ್ರಕ್ಕೆ ವಿನಿಯೋಗಿಸಿದನು. 1964ರಲ್ಲಿ ತೈವಾನಿನ ವಿಮಾನ ಅಪಘಾತದಲ್ಲಿ ಅವನ ಅಂತ್ಯವಾಯಿತು. ಸಲೀಂ ಅಲಿಯವರ ಸಲಹೆಯಿಂದಲೇ 1940ರಲ್ಲಿ ಮೈಸೂರು ಸಂಸ್ಥಾನವು ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿತ್ತು. ಅಲ್ಲಿನ ಬೆಳ್ಳಕ್ಕಿಯನ್ನು ನಡುಹಗಲಿನ ಬಿಸಿಲಿನಲ್ಲಿ ಚಿತ್ರಿಸಿದರೆ ಗರಿಗಳೆಲ್ಲ ಸುಣ್ಣ ಬಳಿದಂತೆ ಒಂದೇ ಬಿಳುಪಾಗುತ್ತವೆ. ತೆಳುಮೋಡದ ದಿನ ಒಂದೊಂದು ಗರಿಯ ಎಳೆಯೂ ಕಾಣುತ್ತದೆ. ಮೋಡವು ಛಾಯಾಗ್ರಾಹಕನ ವೈರಿಯೆಂಬುದು ಅವಸರದವರ ಮಾತು.

ನಮ್ಮ ನಾಡಿನಲ್ಲಿ ಗೀಜಗವೇ ಮೊದಲಾದ ಹಲವು ಹಕ್ಕಿಗಳು ಗೂಡು ಕಟ್ಟುವುದು ಮುಂಗಾರಿನಲ್ಲಿ. ಹಸಿರು ಹುಲ್ಲು, ಹುಳು, ಕಾಳು ಆಗ ಯಥೇಚ್ಛ. ಅದೇ ಕಾಲಕ್ಕೆ, ನೆಲವೆಲ್ಲ ಜೀವರಾಶಿಯಿಂದ ತುಂಬಿರುತ್ತದೆಂದು, ನಮ್ಮ ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸ್ಯಕ್ಕೆ ಒಂದೆಡೆ ನೆಲೆಸುತ್ತಾರೆ. ಮುನಿಗಳು ಕಾಲಿಡಲಂಜುವ ಆ ಹಸಿರಿನೊಳಕ್ಕೆ ಛಾಯಾಗ್ರಾಹಕರು ಗುಂಪಾಗಿ ನುಗ್ಗುವ ಕಾಲವೂ ಅದೇ ಆಗಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಶಬ್ದಕ್ಕೆ ಕೊಟ್ಟ ಅರ್ಥವಿವರಣೆಯೊಳಗೆ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಕಾಯಿದೆ ಬರೆದವರ ದೃಷ್ಟಿ ಸೂಕ್ಷ್ಮವಾದುದೆಂದೇ ಹೇಳಬೇಕು. ಇಂದಿನ ಕ್ಯಾಮರಾಗಳು ಮುಂಜಾವಿನ ಮಬ್ಬಿನಲ್ಲಿಯೂ, ಸೋನೆಮಳೆಯಲ್ಲಿಯೂ, ಕಿಯರ್ಟನ್ನರು ಊಹಿಸಲಾರದಷ್ಟು ದೂರದಿಂದ ಚಿತ್ರ ಹಿಡಿಯಬಲ್ಲವು; ಕೊಂಬೆಯನ್ನು ಕಟ್ಟುವ ನೆಪ ಈಗ ಉಳಿದಿಲ್ಲ. ಆದರೆ ಒಂದು ಗೂಡಿಗೆ ಅಂದು ಒಬ್ಬ ಬರುತ್ತಿದ್ದ ಕಡೆ ಇಂದು ಇಪ್ಪತ್ತು ಮಂದಿ ಸರದಿಯಲ್ಲಿ ನಿಲ್ಲುತ್ತಾರೆ, ಹಕ್ಕಿಯ ಕೂಗನ್ನೇ ಯಂತ್ರದಲ್ಲಿ ನುಡಿಸಿ ಅದನ್ನು ಬಯಲಿಗೆ ಕರೆಯುತ್ತಾರೆ. ಹಲವು ಸ್ಪರ್ಧೆಗಳೂ ಪತ್ರಿಕೆಗಳೂ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿವೆ.

ಕೃತ, ಕಾರಿತ, ಅನುಮೋದನೆಗಳೆಂಬ ಮೂರರಲ್ಲಿ ಕಡೆಯದು ಬಸದಿಯ ಟ್ರಸ್ಟುಗಳಿಗೂ ಗೃಹಸ್ಥರಿಗೂ ಸಂಬಂಧಿಸಿದ್ದು. ಮಹಾವೀರ ಜಯಂತಿಯ ಆಮಂತ್ರಣ, ಹೊಸ ವರ್ಷದ ಕ್ಯಾಲೆಂಡರು, ಜೀವದಯೆಯ ಭಿತ್ತಿಪತ್ರ — ಇವುಗಳಲ್ಲಿ ತಾಯಿಹಕ್ಕಿ ಮರಿಗೆ ಗುಟುಕು ಕೊಡುವ ಚಿತ್ರವೇ ಹೆಚ್ಚು ಮೆಚ್ಚಿಗೆಯದು. ಮುದ್ರಣಕ್ಕೆ ಕೊಡುವ ಮುನ್ನ ಅಂಥ ಚಿತ್ರವನ್ನು ಸ್ವಲ್ಪ ಹೊತ್ತು ನೋಡಬೇಕು. ಗೂಡಿನ ಮುಂದೆ ಒಂದೆಲೆಯಾದರೂ ಅಡ್ಡವಿದೆಯೆ, ಮರಿಗಳ ಮೈಮೇಲೆ ಸ್ವಲ್ಪವಾದರೂ ನೆರಳಿದೆಯೆ, ಅಂಚಿನಲ್ಲೆಲ್ಲಾದರೂ ಹೊಸದಾಗಿ ಕತ್ತರಿಸಿದ ಕಡ್ಡಿಯ ಬಿಳಿಯ ತುದಿ ಇಣುಕುತ್ತಿದೆಯೆ ಎಂಬುದು ಬರಿಗಣ್ಣಿಗೇ ಕಾಣುತ್ತದೆ.