ಹಳೆಯ ಸಾಲದ ಬಾಕಿ, ಹೊಸ ಸಾಲಕ್ಕೆ ಅಡ್ಡಿ

ಬೈಕಿನ ಎರಡು ಕಂತು ಬಾಕಿಯಿಟ್ಟು ಗಲ್ಫಿಗೆ ಹೋದವರು, ಗೆಳೆಯನ ಸಾಲಕ್ಕೆ ಜಾಮೀನು ಸಹಿ ಹಾಕಿ ಮರೆತವರು ನಮ್ಮ ಮಂಜೇಶ್ವರ, ಉಪ್ಪಳ ಕಡೆಯೂ ಇದ್ದಾರೆ. ನಾವು ಮರೆತರೂ ದಾಖಲೆ ಮರೆಯುವುದಿಲ್ಲ.

2005ರ ಕಾಯ್ದೆಯಂತೆ ಬ್ಯಾಂಕುಗಳು ನಮ್ಮ ಸಾಲದ ವಿವರವನ್ನು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸಂಸ್ಥೆಗಳಿಗೆ ಕೊಡುತ್ತವೆ. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ. ಕಂತು ತಪ್ಪಿದರೆ ಇಳಿಯುತ್ತದೆ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ ಆಗುತ್ತದೆ. ಜಾಮೀನುದಾರನ ವರದಿಯಲ್ಲೂ ಅದು ಕಾಣುತ್ತದೆ.

ಸ್ವಲ್ಪ ಕೊಟ್ಟು ರಾಜಿ ಮಾಡಿಕೊಂಡರೆ ‘ಸೆಟಲ್ಡ್’ ಎಂದೇ ಬರುತ್ತದೆ. ಅದನ್ನು ಕಂಡರೆ ಹೊಸ ಸಾಲ ಕೊಡುವವರು ಹಿಂಜರಿಯುತ್ತಾರೆ. ಪೂರ್ತಿ ಕಟ್ಟಿದರೆ ‘ಕ್ಲೋಸ್ಡ್’. ಬ್ಯಾಂಕ್ ‘ರೈಟ್ ಆಫ್’ ಮಾಡಿತೆಂದರೆ ಸಾಲ ಮನ್ನಾ ಆಯಿತೆಂದಲ್ಲ.

ಅಂಗಡಿಗೋ ಮನೆಗೋ ಸಾಲ ಕೇಳುವ ಮೊದಲು ವರದಿ ತೆಗೆದು ನೋಡಿ. ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕು. ಬಾಕಿಯಿದ್ದರೆ ಕಟ್ಟಿ, ‘ನೋ ಡ್ಯೂಸ್’ ಪತ್ರ ಕೇಳಿ ಪಡೆದು ಜೋಪಾನ ಮಾಡಿ. ತಪ್ಪು ನಮೂದಿದ್ದರೆ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ.

ಹಳೆಯ ಬಾಕಿ ಕಟ್ಟಿದ ಮರುದಿನವೇ ಸ್ಕೋರ್ ಏರುವುದಿಲ್ಲ. ಮುಂದಿನ ಕಂತುಗಳನ್ನು ತಪ್ಪದೆ ಕಟ್ಟಿದರೆ ನಿಧಾನಕ್ಕೆ ಸರಿಯಾಗುತ್ತದೆ. ಜಾಮೀನು ಸಹಿ ಹಾಕುವ ಮೊದಲು ಮಾತ್ರ ಎರಡು ಸಲ ಯೋಚಿಸಿ.