ದಾಸ್ತಾನಿನ ದಿನಗಳು: ಮಲೆನಾಡಿನ ಕೈಕಸುಬಿಗೆ ಜಾಲತಾಣ ಕೊಡುವುದನ್ನು ಅಳೆಯುವ ಬಗೆ

ಹಳ್ಳಿಗೆ ಅಂತರ್ಜಾಲ ವ್ಯಾಪಾರ ಬಂದರೆ ಹಳ್ಳಿಯ ಉತ್ಪಾದಕರ ಗಳಿಕೆ ಹೆಚ್ಚುತ್ತದೆಯೇ? ಈ ಪ್ರಶ್ನೆಗೆ ವಿಕ್ಟರ್ ಕುಟೂರ್, ಬೆಂಜಮಿನ್ ಫೇಬರ್, ಯಿಝೆನ್ ಗು ಮತ್ತು ಲಿಝಿ ಲಿಯು 2021ರಲ್ಲಿ ಪ್ರಕಟಿಸಿದ ಅಧ್ಯಯನ ನಿರಾಶೆಯ ಉತ್ತರವನ್ನೇ ಕೊಟ್ಟಿತು. ಚೀನಾದ ನೂರು ಹಳ್ಳಿಗಳನ್ನು ಆರಿಸಿ, ಕೆಲವಕ್ಕೆ ಅಂತರ್ಜಾಲ ವ್ಯಾಪಾರದ ಕೇಂದ್ರ ಕೊಟ್ಟು, ಉಳಿದವನ್ನು ಹೋಲಿಕೆಗೆ ಇಟ್ಟುಕೊಂಡು ನಡೆಸಿದ ಪ್ರಯೋಗವದು. ಕೊಳ್ಳುವವರಿಗೆ, ಅದರಲ್ಲೂ ವಯಸ್ಸಿನಲ್ಲಿ ಕಿರಿಯರಾದ, ಸ್ವಲ್ಪ ಅನುಕೂಲಸ್ಥರಾದ ಕೆಲವರಿಗೆ ಲಾಭವಾಯಿತು. ಮಾರುವವರ ಆದಾಯ ಏರಿದ್ದಕ್ಕೆ ಮಾತ್ರ ಹೇಳಿಕೊಳ್ಳುವಂಥ ಪುರಾವೆ ಸಿಗಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೈಕಸುಬಿಗೆ ಈ ತೀರ್ಮಾನವನ್ನು ಹಾಗೆಯೇ ಅನ್ವಯಿಸಲಾಗದು ಎಂಬುದು ಈ ಲೇಖನದ ವಾದ. ಆ ಅಧ್ಯಯನದಲ್ಲಿ ದೋಷವಿದೆಯೆಂದು ನಾನು ಹೇಳುತ್ತಿಲ್ಲ. ಅದು ಅಳೆದದ್ದು ಆದಾಯವನ್ನು. ಕೈಕಸುಬಿನಲ್ಲಿ ಜಾಲತಾಣದ ಫಲ ಮೊದಲು ಕಾಣಿಸಿಕೊಳ್ಳುವುದು ಬೇರೆ ಜಾಗದಲ್ಲಿ.

ಹಿಂದಿನ ಚರ್ಚೆಯ ಹೆಚ್ಚಿನ ಭಾಗ ಈಗ ಎಲ್ಲರಿಗೂ ಪರಿಚಿತ. ಅಂಗಡಿಯ ಕಪಾಟಿನ ಮಿತಿ ಇಲ್ಲವಾದಾಗ ಅಪರೂಪದ ವಸ್ತುವಿಗೂ ಗಿರಾಕಿ ಸಿಗುತ್ತಾನೆ ಎಂದು ಕ್ರಿಸ್ ಆ್ಯಂಡರ್ಸನ್ 2004ರ ಲೇಖನದಲ್ಲಿ, ಆಮೇಲೆ 2006ರ ಪುಸ್ತಕದಲ್ಲಿ ವಾದಿಸಿದರು. ಅಂತರ್ಜಾಲದಲ್ಲೂ ಮಾರಾಟ ಕೆಲವೇ ಜನಪ್ರಿಯ ವಸ್ತುಗಳಲ್ಲಿ ಗುಂಪುಗೂಡುತ್ತದೆ ಎಂದು ಅನಿತಾ ಎಲ್ಬರ್ಸ್ 2008ರಲ್ಲಿ ಉತ್ತರಿಸಿದರು. ಉತ್ತರ ಕೇರಳದ ಮೀನುಗಾರರಿಗೆ ಮೊಬೈಲ್ ಬಂದಾಗ ಏನಾಯಿತು ಎಂಬ ರಾಬರ್ಟ್ ಜೆನ್ಸನ್ ಅವರ 2007ರ ಅಧ್ಯಯನವಂತೂ ಅರ್ಥಶಾಸ್ತ್ರದ ತರಗತಿಗಳ ಪಾಠವೇ ಆಗಿದೆ. ಅದರಲ್ಲಿ ಹೆಚ್ಚು ಉಲ್ಲೇಖವಾಗುವುದು ಮೀನುಗಾರರ ಲಾಭ ಶೇ 8ರಷ್ಟು ಏರಿತು, ಕೊಳ್ಳುವವರ ಬೆಲೆ ಶೇ 4ರಷ್ಟು ಇಳಿಯಿತು ಎಂಬ ಅಂಕಿಗಳು. ನನ್ನ ಗಮನ ಇರುವುದು ಮೂರನೆಯದರ ಮೇಲೆ. ಮೊಬೈಲ್‌ಗೆ ಮೊದಲು ಹಿಡಿದ ಮೀನಿನಲ್ಲಿ ಶೇ 5ರಿಂದ 8ರಷ್ಟು ಗಿರಾಕಿಯಿಲ್ಲದೆ ಹಾಳಾಗುತ್ತಿತ್ತು. ಮೊಬೈಲ್ ಬಂದ ಮೇಲೆ ಅದು ನಿಂತಿತು. ಮೀನುಗಾರರು ಸಾಲ ಕೊಟ್ಟ ಹರಾಜುದಾರರಿಗೆ ಕಟ್ಟುಬಿದ್ದಿರುವುದರಿಂದ ಇಷ್ಟಬಂದ ದಡಕ್ಕೆ ದೋಣಿ ತಿರುಗಿಸಲಾರರು ಎಂದು ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ 2013ರಲ್ಲಿ ಎತ್ತಿದ ತಕರಾರು ನ್ಯಾಯವಾದದ್ದು. ಆದರೂ ಮಾಹಿತಿಯ ಮೊದಲ ಫಲ ಕಾಣುವುದು ಮಾರಾಟವಾಗದೆ ಉಳಿಯುವ ಸರಕಿನಲ್ಲಿ ಎಂಬ ಸುಳಿವು ಅಲ್ಲಿದೆ.

ಇನ್ನು ನಮ್ಮ ತಾಲ್ಲೂಕುಗಳಿಗೆ ಬರೋಣ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ 1990ರ ದಶಕದ ನಡುವೆ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಚರಕ ಮಹಿಳಾ ಸಹಕಾರ ಸಂಘ ಹುಟ್ಟಿತು. ಕೈಮಗ್ಗದ ಬಟ್ಟೆ, ಅಡಿಕೆ ಚೊಗರಿನಂಥ ಸಹಜ ಬಣ್ಣ, ಹಳ್ಳಿಯ ಹೆಣ್ಣುಮಕ್ಕಳ ದುಡಿಮೆ ಅದರ ಆಧಾರ. ಮಾರಾಟವನ್ನು ‘ದೇಸಿ’ ಮಳಿಗೆಗಳು ನೋಡಿಕೊಂಡವು. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಬೇಕೆಂದು ಪ್ರಸನ್ನ ಸತ್ಯಾಗ್ರಹ ಹೂಡಿದ್ದು ನಾಡಿಗೆಲ್ಲ ಗೊತ್ತು. 2020ರಲ್ಲಿ ಕೊರೊನಾದಿಂದ ವ್ಯಾಪಾರ ನಿಂತು, ನೇಯ್ದ ಬಟ್ಟೆ ರಾಶಿಬಿದ್ದು, ಚರಕ ಕೆಲಸ ನಿಲ್ಲಿಸಬೇಕಾಯಿತು.

ಈ ಕೊನೆಯ ಘಟನೆಯನ್ನು ಹೇಗೆ ಓದಬೇಕು ಎಂಬುದರ ಮೇಲೆ ನನ್ನ ವಾದವೆಲ್ಲ ನಿಂತಿದೆ. ಗಿರಾಕಿ ಇಲ್ಲವಾದ ಕಾರಣ ಸಂಸ್ಥೆ ಸೋತಿತು ಎಂಬುದು ಸಾಮಾನ್ಯ ಓದು. ಆದರೆ ಚರಕದ ಬಟ್ಟೆಯನ್ನು ಇಷ್ಟಪಟ್ಟು ಉಡುವವರು ಆ ತಿಂಗಳುಗಳಲ್ಲಿ ಎಲ್ಲೂ ಹೋಗಿರಲಿಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂಗೆ ಬಂದುಹೋದವರು, ನಾಟಕ ನೋಡಿದವರು, ಬೆಂಗಳೂರು ಮೈಸೂರುಗಳ ಮೇಷ್ಟ್ರುಗಳು, ಬರಹಗಾರರು ಹೀಗೆ ಬೆಳೆದ ಬಳಗವದು. ಕಡಿದುಹೋದದ್ದು ಮಗ್ಗದಿಂದ ಮೈಗೆ ಬಟ್ಟೆ ಹೋಗುವ ದಾರಿ. ಕೈಮಗ್ಗದಲ್ಲಿ ನೂಲಿಗೆ, ಬಣ್ಣಕ್ಕೆ, ಕೂಲಿಗೆ ಹಣ ಮೊದಲೇ ಹೋಗಿರುತ್ತದೆ, ಮರಳಿ ಬರುವುದು ಬಟ್ಟೆ ಮಾರಿದ ಮೇಲೆ. ನಡುವಿನ ದಿನಗಳು ಉದ್ದವಾದಷ್ಟೂ ಸಂಘದ ಕೈ ಖಾಲಿಯಾಗುತ್ತದೆ. ಹಾಗಾಗಿ ಜಾಲತಾಣದಿಂದ ಏನು ಉಪಯೋಗವಾಯಿತು ಎಂದು ತಿಳಿಯಲು ನೋಡಬೇಕಾದ ಅಂಕಿ ದಾಸ್ತಾನಿನ ದಿನಗಳು, ಅಂದರೆ ಒಂದು ಪದಾರ್ಥ ತಯಾರಾದ ದಿನದಿಂದ ಗಿರಾಕಿಯ ಹಣ ಕೈಸೇರುವ ದಿನದವರೆಗಿನ ಅವಧಿ.

ಲೆಕ್ಕ ಕಷ್ಟದ್ದಲ್ಲ. ಉದಾಹರಣೆಗೆ ಒಂದು ಸಂಘ ವರ್ಷಕ್ಕೆ 12 ಲಕ್ಷ ರೂಪಾಯಿ ಅಸಲಿನ ಬಟ್ಟೆ ಮಾರುತ್ತದೆ, ಸರಾಸರಿ 6 ಲಕ್ಷದ ಬಟ್ಟೆ ಕಪಾಟಿನಲ್ಲಿರುತ್ತದೆ ಎಂದುಕೊಳ್ಳೋಣ. ದಾಸ್ತಾನು ಸುಮಾರು 182 ದಿನದ್ದಾಯಿತು. ಮಾರಾಟ ಅಷ್ಟೇ ಇದ್ದು ಕಪಾಟಿನ ಬಟ್ಟೆ 3 ಲಕ್ಷಕ್ಕೆ ಇಳಿದರೆ 91 ದಿನ. ಸಾಲದ ಬಡ್ಡಿ ಶೇ 12 ಎಂದರೆ ವರ್ಷಕ್ಕೆ 36,000 ರೂಪಾಯಿ ಉಳಿಯುತ್ತದೆ. ಜೊತೆಗೆ 3 ಲಕ್ಷ ರೂಪಾಯಿ ಮತ್ತೆ ನೂಲಾಗಲು, ಕೂಲಿಯಾಗಲು ಸಿಗುತ್ತದೆ. ಇದರಲ್ಲಿ ಮಾರಾಟ ಒಂದು ರೂಪಾಯಿಯೂ ಹೆಚ್ಚಿಲ್ಲ. ಮಾರಾಟವನ್ನಷ್ಟೇ ಅಳೆಯುವ ಅಧ್ಯಯನ ಇಲ್ಲಿ ಏನೂ ಆಗಲಿಲ್ಲ ಎಂದೇ ಬರೆದುಕೊಳ್ಳುತ್ತದೆ.

ಮಾರಾಟ ಹೆಚ್ಚದಿರುವುದು ಕೈಕಸುಬಿನಲ್ಲಿ ಸೋಲಿನ ಗುರುತೂ ಅಲ್ಲ. ಹತ್ತು ಮಗ್ಗದ ನೇಯ್ಗೆ ಹತ್ತು ಮಗ್ಗದಷ್ಟೇ. ಡೇವಿಡ್ ಆಟ್ಕಿನ್, ಅಮಿತ್ ಖಂಡೇಲ್ವಾಲ್ ಮತ್ತು ಆಡಮ್ ಓಸ್ಮಾನ್ ಈಜಿಪ್ಟಿನ ಫೋವಾ ಪಟ್ಟಣದ ಜಮಖಾನೆ ನೇಕಾರರ ಬಗ್ಗೆ 2017ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ಹೊರದೇಶದ ಗಿರಾಕಿಗಳ ಆರ್ಡರು ಸಿಕ್ಕಿದ ನೇಕಾರರ ಲಾಭ ಶೇ 16ರಿಂದ 26ರಷ್ಟು ಏರಿತು, ಗಂಟೆಗೆ ನೇಯುವ ಪ್ರಮಾಣ ಮಾತ್ರ ಇಳಿಯಿತು. ದೂರದ ಗಿರಾಕಿ ಕೇಳಿದ ನಾಜೂಕಿಗೆ ಕೈ ಹೆಚ್ಚು ಹೊತ್ತು ಹಿಡಿಯಿತು, ಆ ಹೊತ್ತಿಗೆ ಬೆಲೆಯೂ ಬಂತು. ಎಷ್ಟು ಗಜ ನೇಯ್ದರು ಎಂಬ ಒಂದೇ ಅಂಕಿ ನೋಡಿದ್ದರೆ ನೇಕಾರರು ಹಿಂದೆ ಬಿದ್ದರು ಎಂದೇ ತೋರುತ್ತಿತ್ತು.

ಚೀನಾದ ಅಧ್ಯಯನದಲ್ಲಿ ಬೇಗ ದಾಟಿಹೋಗುವ ಇನ್ನೊಂದು ಮಾತಿದೆ. ಅಲ್ಲಿ ಲಾಭ ಕಂಡದ್ದು ಮುಖ್ಯವಾಗಿ ಮೊದಲು ಪಾರ್ಸೆಲ್ ಸೌಲಭ್ಯವೇ ಇಲ್ಲದಿದ್ದ ಹಳ್ಳಿಗಳಲ್ಲಿ. ಪರದೆಯ ಮೇಲಿನ ಅಂಗಡಿಗಿಂತ ಮನೆಬಾಗಿಲಿನ ರವಾನೆಯೇ ವ್ಯತ್ಯಾಸ ಮಾಡಿತು. ಇದನ್ನು ನಮ್ಮಲ್ಲಿ ಪರೀಕ್ಷಿಸಲು ಅಪರೂಪದ ಅವಕಾಶವೊಂದು ಈಗ ಒದಗಿದೆ. ಲಿಂಗನಮಕ್ಕಿಯ ಹಿನ್ನೀರಿನಾಚೆಯ ತುಮರಿ ಭಾಗಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲಾಂಚೇ ಸಾಗರದ ಹತ್ತಿರದ ದಾರಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಅಂಚೆ ಮತ್ತು ಕೊರಿಯರಿನ ದಾರಿ ಒಂದು ದಿನದಲ್ಲಿ ಬದಲಾದಾಗ ಅಲ್ಲಿನ ಕುಶಲಕರ್ಮಿಗಳ ದಾಸ್ತಾನಿನ ದಿನಗಳು ಏನಾದವು ಎಂದು ನೋಡಲು ಇದಕ್ಕಿಂತ ಸ್ಪಷ್ಟವಾದ ಮೊದಲು–ಆಮೇಲೆ ಸಿಗಲಾರದು. ಸೇತುವೆಗೆ ಹಿಂದಿನ ವರ್ಷಗಳ ರಶೀದಿ ಪುಸ್ತಕಗಳನ್ನು ಯಾರಾದರೂ ಈಗಲೇ ಜೋಪಾನ ಮಾಡಬೇಕು.

ಜಾಲತಾಣದ ಅಳತೆಯ ಉಪಕರಣಗಳೇ ಸಾಕಲ್ಲ, ರಶೀದಿ ಪುಸ್ತಕ ಯಾಕೆ ಎಂದು ಕೇಳಬಹುದು. ಸಣ್ಣ ವ್ಯಾಪಾರದಲ್ಲಿ ಆ ಉಪಕರಣಗಳನ್ನು ನಂಬಲಾಗದಿರಲು ಕಾರಣಗಳಿವೆ. ಗೂಗಲ್ ಅನಲಿಟಿಕ್ಸಿನ ಹಳೆಯ ಆವೃತ್ತಿ 2023ರ ಜುಲೈ 1ರಿಂದ ಲೆಕ್ಕ ನಿಲ್ಲಿಸಿತು. ಹೊಸದರಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತ, ಅಥವಾ ಎರಡು ಪುಟ ನೋಡಿದ, ಅಥವಾ ಗೊತ್ತುಪಡಿಸಿದ ಕ್ರಿಯೆಯೊಂದನ್ನು ಮಾಡಿದ ಭೇಟಿಯನ್ನು ಆಸಕ್ತ ಭೇಟಿ ಎನ್ನುತ್ತಾರೆ. ಹೀಗಾಗಿ ಹಳೆಯ ಅಂಕಿಗೂ ಹೊಸದಕ್ಕೂ ತಾಳೆ ಇಲ್ಲ. ಮೊಬೈಲ್ ಕಂಪನಿಗಳ ಜಾಲ ದೊಡ್ಡ ನಗರಗಳ ಮೂಲಕ ಹಾಯುವುದರಿಂದ ರಿಪ್ಪನ್‌ಪೇಟೆಯಲ್ಲಿ ಕೂತವರು ಬೆಂಗಳೂರಿನವರಾಗಿ ದಾಖಲಾಗುವುದುಂಟು. ಮನೆಯವರೇ ತಮ್ಮ ಪುಟ ತೆರೆದು ನೋಡಿದ್ದೂ ಭೇಟಿಯ ಲೆಕ್ಕಕ್ಕೆ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕಡೆಯ ವ್ಯಾಪಾರ ಜಾಲತಾಣದೊಳಗೆ ಮುಗಿಯುವುದಿಲ್ಲ. ಗಿರಾಕಿ ಚಿತ್ರ ನೋಡುತ್ತಾರೆ, ಫೋನ್ ಮಾಡಿ ‘ಅಕ್ಕ, ಈ ಬಣ್ಣದ್ದು ಇನ್ನೊಂದು ಇದೆಯಾ’ ಎಂದು ಕೇಳುತ್ತಾರೆ, ವಾಟ್ಸ್‌ಆ್ಯಪಿನಲ್ಲಿ ಫೋಟೊ ತರಿಸಿಕೊಂಡು ಯುಪಿಐಯಲ್ಲಿ ಹಣ ಕಳಿಸುತ್ತಾರೆ. ಜಾಲತಾಣದ ಲೆಕ್ಕದಲ್ಲಿ ಇದು ಏನನ್ನೂ ಕೊಳ್ಳದೆ ಹೋದ ಭೇಟಿ.

ಸಂಖ್ಯೆ ಚಿಕ್ಕದಾಗಿರುವುದೂ ಒಂದು ತೊಡಕು. ನೂರು ಜನ ನೋಡಿ ಒಂದೂ ಆರ್ಡರು ಬರದಿದ್ದರೆ ನಿಜವಾದ ಕೊಳ್ಳುವ ಪ್ರಮಾಣ ಶೂನ್ಯವೆಂದಲ್ಲ, ಅದು ಶೇ 3ರವರೆಗೂ ಇರಬಹುದು ಎಂಬುದು ಸಂಖ್ಯಾಶಾಸ್ತ್ರದ ಒಪ್ಪಿತ ಸೂತ್ರ. ಹೋದ ತಿಂಗಳು ಇನ್ನೂರು ಭೇಟಿಗೆ ಎರಡು ಆರ್ಡರು, ಈ ತಿಂಗಳು ನಾಲ್ಕು ಎಂದರೆ ವ್ಯಾಪಾರ ಇಮ್ಮಡಿಯಾಯಿತೆಂದು ಹೇಳಲು ಆಧಾರವಿಲ್ಲ. ಅಷ್ಟು ಏರಿಳಿತ ಬರೀ ಆಕಸ್ಮಿಕದಿಂದಲೂ ಆಗುತ್ತದೆ. ಇಂಥ ಅಂಕಿ ನಂಬಿ ಜಾಹೀರಾತಿಗೆ ಹಣ ಸುರಿಯುವಂತೆ ಸಣ್ಣ ಸಂಘಗಳಿಗೆ ಸಲಹೆ ಕೊಡುವುದು ಅನ್ಯಾಯ. ಆ ಹಣ ಯಾರದೋ ಕೂಲಿಯಿಂದ ಬಂದದ್ದು.

ತೆರಿಗೆಯ ನಿಯಮವೂ ಈ ಅಳತೆಗೆ ಸಂಬಂಧಿಸಿದ್ದೇ. ಇ-ಕಾಮರ್ಸ್ ಸಂಸ್ಥೆಗಳ ಮೂಲಕ ಸರಕು ಮಾರುವವರು ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಕೆಲವು ಷರತ್ತುಗಳೊಂದಿಗೆ ವಿನಾಯಿತಿ ಸಿಕ್ಕಿತು, ಆದರೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ನೋಂದಣಿಯಿಲ್ಲದ ಹೊಸನಗರದ ಕಸುಬುದಾರರು ಅಂಥ ಸಂಸ್ಥೆಯ ಮೂಲಕ ಹುಬ್ಬಳ್ಳಿಗೆ ಮಾರಬಹುದು, ಪುಣೆಗೆ ಮಾರಲಾಗದು. ದೇಶದ ಮೂಲೆಮೂಲೆಯಿಂದ ಬಂದ ಮೆಚ್ಚುಗೆಯ ಎಣಿಕೆ ಇಂಥವರ ಮಟ್ಟಿಗೆ ಹೆಚ್ಚೇನೂ ಹೇಳುವುದಿಲ್ಲ.

ನನ್ನ ಅಳತೆಗೋಲಿಗೂ ಮಿತಿಗಳಿವೆ. ಮೊದಲನೆಯದು ಋತು. ಮಳೆಗಾಲದಲ್ಲಿ ಬಣ್ಣ ಹಾಕಿದ ನೂಲು ಒಣಗುವುದು ತಡ, ಚೊಗರು ಸಿಗುವುದು ಅಡಿಕೆ ಕೊಯ್ಲು ಮತ್ತು ಬೇಯಿಸುವ ಕಾಲದಲ್ಲಿ. ಹಾಗಾಗಿ ಜುಲೈಯನ್ನು ಜನವರಿಯೊಡನೆ ಹೋಲಿಸುವಂತಿಲ್ಲ, ಒಂದು ವರ್ಷದ ಜುಲೈಯನ್ನು ಇನ್ನೊಂದು ವರ್ಷದ ಜುಲೈಯೊಡನೆ ಹೋಲಿಸಬೇಕು. ಎರಡನೆಯದು ರಿಯಾಯಿತಿ. ಬೆಲೆ ಇಳಿಸಿದರೆ ಯಾವ ದಾಸ್ತಾನೂ ಕರಗುತ್ತದೆ. ಆದ್ದರಿಂದ ದಿನಗಳ ಪಕ್ಕದಲ್ಲಿ ನಿಜವಾಗಿ ಕೈಸೇರಿದ ಬೆಲೆಯನ್ನೂ ಬರೆಯದಿದ್ದರೆ ನನ್ನ ಅಂಕಿಯೂ ದಾರಿ ತಪ್ಪಿಸುತ್ತದೆ. ಮೂರನೆಯದನ್ನು ತೀರ್ಥಹಳ್ಳಿ ಸುತ್ತಿನ ತೋಟಗಳ ಅಡಿಕೆ ಹಾಳೆ ತೋರಿಸಿಕೊಡುತ್ತದೆ. ಹಾಳೆ ತಟ್ಟೆ ಅಚ್ಚಿನಲ್ಲಿ ಒತ್ತುವ, ಒಂದರಂತೆ ಇನ್ನೊಂದಿರುವ, ಸಗಟಾಗಿ ಹೋಗುವ ಸರಕು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದರ ಆಮದಿಗೆ ತಡೆಯೊಡ್ಡಿತು. ಇಂಥ ಆಜ್ಞೆಯಿಂದ ಗೋದಾಮು ತುಂಬಿದರೆ ಅದರಿಂದ ತಯಾರಕರ ಜಾಲತಾಣದ ಗುಣಾವಗುಣ ತಿಳಿಯದು. ಒಬ್ಬಿಬ್ಬರು ದೊಡ್ಡ ಗಿರಾಕಿಗಳನ್ನು ನಂಬಿದ ಉದ್ಯಮಕ್ಕೆ ನನ್ನ ಅಳತೆ ಹೊಂದುವುದಿಲ್ಲ. ಬಿಡಿಯಾಗಿ, ಹಲವರಿಗೆ ಮಾರುವ ಕೈಮಗ್ಗದಂಥ ಕಸುಬಿಗೆ ಮಾತ್ರ ಅದು ಸಲ್ಲಬಹುದು. ಇದಕ್ಕಿಂತ ದೊಡ್ಡ ಹಕ್ಕುಸಾಧನೆ ಸದ್ಯಕ್ಕೆ ಬೇಡ.

ಸಾಗರದ ಗುಡಿಗಾರರ ವಿಷಯ ಪೂರ್ತಿ ಬೇರೆ. ಶ್ರೀಗಂಧ ಸಿಗುವುದೇ ಸರ್ಕಾರದ ನಿಯಂತ್ರಣದಲ್ಲಿ. ಅದು ಸಿಗದಾಗ ಶಿವನೆಯಂಥ ಮರದಲ್ಲಿ ಕೆತ್ತುತ್ತಾರೆ. ದೊಡ್ಡ ಕೆಲಸ ಮುಂಗಡ ಹಿಡಿದು ಮಾಡಿಕೊಡುವುದರಿಂದ ದಾಸ್ತಾನೆಂಬುದು ಹೆಚ್ಚಿರದು. ಅಲ್ಲಿ ಎಣಿಸಬೇಕಾದದ್ದು ಇದಕ್ಕೆ ತಿರುಗುಮುರುಗು: ಮುಂಗಡ ಕೊಟ್ಟು ಕಾಯುತ್ತಿರುವ ಗಿರಾಕಿಗಳು ಎಷ್ಟು ತಿಂಗಳ ಕೆಲಸದಷ್ಟಿದ್ದಾರೆ ಎಂಬುದು.

ಹಸೆ ಚಿತ್ತಾರಕ್ಕೆ ಯಾವ ಅಳತೆ ಒಗ್ಗುತ್ತದೆ ಎಂಬ ಪ್ರಶ್ನೆಯನ್ನು ನಾನು ತೆರೆದೇ ಇಡುತ್ತೇನೆ. ದೀವರ ಮನೆಗಳ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಮದುವೆಗೆ ಬರೆಯುವ ಹಸೆ, ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿ ಇವು ಮಾರಲೆಂದು ಹುಟ್ಟಿದವಲ್ಲ. ಈಗ ಅದೇ ಗೆರೆಗಳು ಕ್ಯಾನ್ವಾಸಿನ ಮೇಲೆ, ಬಟ್ಟೆಯ ಮೇಲೆ, ಊರಾಚೆಯ ಗೋಡೆಗಳ ಮೇಲೆ ಮೂಡುತ್ತಿವೆ. ಜಾಲತಾಣದಲ್ಲಿ ಹಾಕಿದ ಚಿತ್ರ ನೋಡಿ ಒಬ್ಬರು ಕಲಾವಿದೆಯನ್ನೇ ಕರೆಸಬಹುದು, ಇನ್ನೊಬ್ಬರು ಗೆರೆಯನ್ನು ನಕಲು ಮಾಡಿ ಯಂತ್ರದಲ್ಲಿ ಅಚ್ಚು ಹಾಕಿಸಬಹುದು. ಎರಡೂ ಜಾಲತಾಣದ ಲೆಕ್ಕದಲ್ಲಿ ಒಂದೊಂದು ಭೇಟಿ. ಮೊದಲನೆಯದನ್ನು ಆರ್ಡರು ಪುಸ್ತಕದಿಂದ ತಿಳಿಯಬಹುದು. ಎರಡನೆಯದರ ನಷ್ಟವನ್ನು ಯಾರ ಖಾತೆಯಲ್ಲಿ, ಯಾವ ಅಂಕಿಯಲ್ಲಿ ಬರೆಯಬೇಕು ಎಂಬುದಕ್ಕೆ ದಾಸ್ತಾನಿನ ಲೆಕ್ಕದಲ್ಲಿ ಉತ್ತರವಿಲ್ಲ. ಅದನ್ನು ಕಂಡುಕೊಳ್ಳಲು ಅರ್ಥಶಾಸ್ತ್ರದವರು ಜಾನಪದ ವಿದ್ವಾಂಸರ ಜೊತೆಗೂ, ಗೆರೆ ಬರೆಯುವ ಹೆಣ್ಣುಮಕ್ಕಳ ಜೊತೆಗೂ ಕೂತು ಕೆಲಸ ಮಾಡಬೇಕಾಗುತ್ತದೆ.